ತಿಮ್ಮರಾಜು ಕಟ್ಟಿದ ಬಾಗಿಲು

ಹೊನ್ನವಳ್ಳಿಯಲ್ಲಿ ಯಾರಾದರೂ ಕಣ್ಣು ಮುಚ್ಚಿದರೆ, ಡಾಕ್ಟರು ಬಂದು ನಾಡಿ ನೋಡುವ ಮೊದಲೇ ತಿಮ್ಮರಾಜುವಿಗೆ ಫೋನು ಹೋಗಿರುತ್ತದೆ. ಡಾಕ್ಟರು ಹೇಳಿದ್ದನ್ನು ಅರ್ಧ ನಂಬಿದ ನೆಂಟರು, ತಿಮ್ಮರಾಜು ಮಚ್ಚು ಹಿಡಿದು ಅಂಗಳಕ್ಕೆ ಬಂದನೆಂದರೆ ಪೂರ್ತಿ ನಂಬಿ ಅಳುವುದಕ್ಕೆ ಕೂರುತ್ತಾರೆ. ಹಾಗಂತ ಇದು ಅವನ ಕುಲಕಸುಬೇನೂ ಅಲ್ಲ. ಅವನಿಗೆ ಸಣ್ಣದೊಂದು ತೆಂಗಿನ ತೋಟವಿದೆ, ಕೊಳವೆ ಬಾವಿಯಿದೆ, ಎರಡು ಹಸುಗಳಿವೆ. ಆದರೆ ಸಾವಿನ ಮನೆಯಲ್ಲಿ ಎಲ್ಲರೂ ಕೈಕಟ್ಟಿ ನಿಂತಾಗ ಮುಂದೆ ಬಂದು ಬಿದಿರು ಸೀಳುವ ಒಬ್ಬ ಮನುಷ್ಯ ಪ್ರತಿ ಊರಿಗೂ ಬೇಕಲ್ಲ, ಹೊನ್ನವಳ್ಳಿಗೆ ಅವನು ಸಿಕ್ಕಿದ. ಒಮ್ಮೆ ಮುಂದೆ ಬಂದವನನ್ನು ಊರು ಹಿಂದೆ ಹೋಗಲು ಬಿಡುತ್ತದೆಯೇ?

ಆ ಸೀಮೆಯ ಅನೇಕ ಮನೆಗಳಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿ ಒಯ್ಯುತ್ತಾರೆ. ಬಿದಿರಿನ ಚೌಕಟ್ಟು, ನಾಲ್ಕು ಮೂಲೆಗೆ ಬಾಳೆಕಂದು, ಬೆನ್ನಿಗೆ ಹೆಣೆದ ತೆಂಗಿನ ಗರಿಯ ತಟ್ಟಿ, ತಲೆಯ ಮೇಲೆ ಚೆಂಡುಹೂವಿನ ಗೋಪುರ. ಇದಕ್ಕೆ ವಿಮಾನ ಎನ್ನುತ್ತಾರೆ. ಬೇರೆ ಊರುಗಳಲ್ಲಿ ನಾಲ್ಕು ಗಳ ಕಟ್ಟಿ, ಹೂ ಸುತ್ತಿ, ಆಯಿತು ಬುಡು ಎಂದು ಎತ್ತಿಬಿಡುತ್ತಾರೆ. ತಿಮ್ಮರಾಜು ಹಾಗಲ್ಲ. ಗರಿಯನ್ನು ಸೀಳಿ ಸುರುಳಿ ಮಾಡುವನು, ಗಿಣಿ ಮಾಡುವನು, ಒಂದೊಂದು ಕಂದಿನ ತುದಿಗೂ ಗರಿಯ ಕುಚ್ಚು ಇಳಿಬಿಡುವನು. ದಾರಿಯಲ್ಲಿ ಹೋಗುವವರು ಬೈಕು ನಿಲ್ಲಿಸಿ, ಸತ್ತವರು ಯಾರು ಎಂದು ಕೇಳುವ ಮೊದಲು ಕಟ್ಟಿದವರು ಯಾರು ಎಂದು ಕೇಳುತ್ತಿದ್ದರು. ಬದುಕಿದ್ದಾಗ ಒಂದು ಮುರುಕು ಕುರ್ಚಿಯನ್ನೂ ಕಾಣದ ಮುದುಕರು ಅವನ ಕೈಯಿಂದ ರಾಜರ ಹಾಗೆ ಹೋದರು.

ಇಷ್ಟು ಕೈಚಳಕವಿದ್ದವನನ್ನು ಮದುವೆ ಮನೆಯವರು ಹೊತ್ತುಕೊಂಡು ಹೋಗಬೇಕಿತ್ತು ಎಂದು ನೀವು ಅಂದುಕೊಂಡರೆ, ನಿಮಗೆ ನಮ್ಮ ಜನ ಗೊತ್ತಿಲ್ಲ. ಅವನ ಬೀದಿಯವಳೇ ಆದ ರಾಮಕ್ಕನ ಮಗಳ ಮದುವೆಗೆ, ಯಾರೂ ಕರೆಯದಿದ್ದರೂ, ಬೆಳಗಾಗುತ್ತಲೇ ಒಂದು ಹೊರೆ ಹಸಿ ಗರಿ ಹೊತ್ತುಕೊಂಡು ಅವನು ಚಪ್ಪರ ಹಾಕಲು ಹೋಗಿದ್ದ. ರಾಮಕ್ಕ ಬಾಗಿಲಲ್ಲೇ ತಡೆದಳು. "ತಪ್ಪು ತಿಳ್ಕೋಬೇಡ ಕಣಪ್ಪ. ಆ ಕೆಲ್ಸ ಮಾಡೋ ಕೈ. ಶುಭಕಾರ್ಯ ನೋಡು. ನೀನು ಸುಮ್ನೆ ಊಟಕ್ಕೆ ಬಾ," ಎಂದಳು. ತಿಮ್ಮರಾಜು ಹೊರೆಯನ್ನು ಹಾಗೆಯೇ ವಾಪಸು ಹೊತ್ತುಕೊಂಡು ಬಂದು ಹಸುವಿನ ಕೊಟ್ಟಿಗೆಯ ಮೇಲೆ ಹಾಕಿದ. ಊಟಕ್ಕೆ ಹೋಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ರಾಮಕ್ಕನ ಗಂಡ ಹೋದಾಗ ಮಾತ್ರ ಹೋದ, ಮತ್ತು ಅವನು ಕಟ್ಟಿದ ವಿಮಾನಗಳಲ್ಲೆಲ್ಲಾ ಅದೇ ಚೆಂದದ್ದು. ಇನ್ನೂ ಯಾರನ್ನೂ ಕೂರಿಸದಿದ್ದಾಗ, ಖಾಲಿ ಇದ್ದಾಗಲೇ, ಅದರದೊಂದು ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಂಡ. ಆ ಫೋಟೋ ಮುಂದೆ ಅವನನ್ನು ಎಲ್ಲಿಗೆ ತಂದು ನಿಲ್ಲಿಸಿತು ನೋಡಿ.

ಅವನ ಹೆಂಡತಿ ಮಂಗಳಾ ತಿಪಟೂರು ರಸ್ತೆಯ ಕೊಬ್ಬರಿ ಪುಡಿ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾಳೆ. ಒಡೆದ ಕಾಯಿಯ ಕಪ್ಪು ಸಿಪ್ಪೆ ಹೆರೆಯುವ ಕೆಲಸ. ಅದೇ ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಳು ರಾಮಕ್ಕ. ಹೋದ ವರ್ಷ ಫ್ಯಾಕ್ಟರಿಗೆ ಇಪ್ಪತ್ತೈದು ತುಂಬಿತು. ಮಾಲೀಕರು ಹಾಲಸ್ವಾಮಿ, ತಿಪಟೂರು ಸಂತೆಯಲ್ಲಿ ಕೊಬ್ಬರಿ ಮೂಟೆ ಹೊತ್ತು ಮೇಲೆ ಬಂದ ಮನುಷ್ಯ. ಬೆಳ್ಳಿಹಬ್ಬ ಜೋರಾಗಿ ಆಗಲಿ ಎಂದು ಬೆಂಗಳೂರಿನಿಂದ ಮೋನಿಕಾ ಎಂಬ ಹುಡುಗಿಯನ್ನು ಕರೆಸಿದರು. ಕಂಪನಿಗಳ ಸಮಾರಂಭಗಳಿಗೆ ವೇದಿಕೆ, ಅಲಂಕಾರ, ದೀಪ, ಊಟದ ಮೇಜಿನ ಮೇಲಿನ ಹೂವಿನವರೆಗೆ ಎಲ್ಲ ಯೋಚನೆ ಮಾಡಿ ಮಾಡಿಸುವುದು ಅವಳ ವೃತ್ತಿ. ಒಳ್ಳೆಯ ಹುಡುಗಿ. ಬಂದವಳೇ, "ಪ್ಲಾಸ್ಟಿಕ್ ಹೂ ಬೇಡ, ಥರ್ಮಕೋಲ್ ಬೇಡ, ಬಲೂನ್ ಬೇಡ. ತೆಂಗಿನ ಮರದಿಂದ ಏನೇನು ಬರುತ್ತೋ ಅದರಲ್ಲೇ ಇಡೀ ಅಲಂಕಾರ ಆಗ್ಬೇಕು. ಗರಿ ಹೆಣೆಯೋರು ಯಾರಾದ್ರೂ ಇದ್ದಾರಾ?" ಎಂದು ಕೇಳಿದಳು.

ಮಂಗಳಾ ಕೈ ಎತ್ತಿದಳು. "ನಮ್ಮ ಯಜಮಾನ್ರು ಮಾಡ್ತಾರೆ ಮೇಡಂ. ಅವರ ಹಂಗೆ ಹೆಣೆಯೋರು ಈ ಸುತ್ತಿನಲ್ಲೇ ಇಲ್ಲ." ಸಾಲಿನಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಾಮಕ್ಕ ತಲೆ ಬಗ್ಗಿಸಿ ಕಾಯಿ ಹೆರೆಯುತ್ತಲೇ ಇದ್ದಳು.

ತಿಮ್ಮರಾಜು ಹೋಗಿದ್ದು ಬಿಳಿ ಷರಟು ಹಾಕಿಕೊಂಡು. ಮೋನಿಕಾ ಕುರ್ಚಿ ಕೊಟ್ಟಳು, ಕಾಫಿ ತರಿಸಿದಳು, "ನಿಮ್ಮ ಕೆಲಸದ ಫೋಟೋ ಇದ್ರೆ ತೋರಿಸಿ ಅಣ್ಣ," ಎಂದಳು. ಅವನು ಗಿಣಿಯದು ತೋರಿಸಿದ, ಹೆಣೆದ ತಟ್ಟಿಯದು ತೋರಿಸಿದ. ಅವಳ ಬೆರಳು ತಾನಾಗಿಯೇ ಮುಂದೆ ಹೋಗಿ ಖಾಲಿ ವಿಮಾನದ ಆ ಫೋಟೋದ ಮೇಲೆ ನಿಂತಿತು.

"ಅಯ್ಯೋ, ಎಷ್ಟು ಚೆನ್ನಾಗಿದೆ! ಇದೇ ಬೇಕು ನನಗೆ. ಸ್ಟೇಜಿನ ಮಧ್ಯೆ ಇದು, ಇದರೊಳಗೆ ಒಂದು ಕುರ್ಚಿ, ಹಾಲಸ್ವಾಮಿ ಸರ್‌ನ ಅಲ್ಲೇ ಕೂರಿಸಿ ಸನ್ಮಾನ. ಇದು ಯಾವ ಫಂಕ್ಷನ್‌ಗೆ ಮಾಡಿದ್ದು ಅಣ್ಣ?"

ತಿಮ್ಮರಾಜು ಕಾಫಿ ಲೋಟ ಕೆಳಗಿಟ್ಟ. ಹೇಳಬೇಕಿತ್ತು. ಬಾಯಿ ತೆರೆದೂ ತೆರೆದ. ಆದರೆ ಎದುರಿಗೆ ಕಾಫಿ ಲೋಟ ಇತ್ತು, ಕೂರಲು ಕುರ್ಚಿ ಇತ್ತು, ಮೊದಲ ಸಲ ಯಾರೋ ಒಂದು ಶುಭಕಾರ್ಯಕ್ಕೆಂದು ಅವನ ಕೆಲಸವನ್ನು ಕಣ್ಣರಳಿಸಿ ನೋಡುತ್ತಿದ್ದರು. "ನಮ್ಮೂರಲ್ಲೇ ಒಂದು ಕಾರ್ಯಕ್ಕೆ ಮೇಡಂ," ಎಂದುಬಿಟ್ಟ. ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಇಂಥ ಮಾತೇ ಮನುಷ್ಯನನ್ನು ಕೆಡಿಸುವುದು.

"ಕುರ್ಚಿ ಪಕ್ಕಕ್ಕೆ ಹಾಕಿದ್ರೆ ಹೆಂಗೆ ಮೇಡಂ?" ಎಂದು ಮೆಲ್ಲಗೆ ಕೇಳಿ ನೋಡಿದ.

"ಇಲ್ಲಣ್ಣ, ಮಧ್ಯಕ್ಕೇ ಇರ್ಲಿ. ಅಲ್ಲಿದ್ರೇನೇ ಕಳೆ."

ಮನೆಗೆ ಬಂದವನು ಮಂಗಳಾಳ ಮುಂದೆಯೂ ಬಾಯಿ ಬಿಡಲಿಲ್ಲ. ತನಗೆ ತಾನೇ ಸಮಾಧಾನ ಹೇಳಿಕೊಂಡ. ಹೂವಿನ ಬಣ್ಣ ಬದಲಾಯಿಸಿದರೆ ಆಯಿತು. ಮಾವಿನ ಸೊಪ್ಪು ಸೇರಿಸಿದರೆ ಆಯಿತು. ಬಣ್ಣದ ಲೈಟು ಹಾಕಿದರೆ ಯಾರಿಗೆ ಗುರುತು ಸಿಗುತ್ತದೆ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಹೀಗೆಯೇ.

ಉಳಿದ ಕೆಲಸವೇನೋ ಹೂವೆತ್ತಿದ ಹಾಗೆ ಆಯಿತು. ಸಮಾರಂಭ ನಡೆಯುವ ಗೋದಾಮಿನ ಗೋಡೆಗಳಿಗೆ ತೆಂಗಿನ ನಾರಿನ ಹಗ್ಗವನ್ನು ಪರದೆಯ ಹಾಗೆ ಇಳಿಬಿಟ್ಟರು. ಮೋನಿಕಾ ಕರಟಗಳಿಗೆ ತೂತು ಕೊರೆಸಿ ಒಳಗೆ ಸಣ್ಣ ಬಲ್ಬು ಇಡಿಸಿದಳು. ದೀಪ ಹತ್ತಿಸಿದರೆ ಗೋಡೆಯ ತುಂಬಾ ಬೆಳಕಿನ ಚುಕ್ಕಿ. ಊಟದ ಮೇಜಿಗೆ ಹೂದಾನಿಯ ಬದಲು ಮೊಳಕೆಯೊಡೆದ ತೆಂಗಿನಕಾಯಿ ಇಡೋಣ ಎಂದದ್ದು ತಿಮ್ಮರಾಜು. "ಕೊಯ್ದ ಹೂವು ಸಂಜೆಗೆ ಬಾಡ್ತದೆ ಮೇಡಂ. ಇದನ್ನ ಊಟ ಆದ್ಮೇಲೆ ಒಬ್ಬೊಬ್ಬರೂ ಮನೆಗೆ ತಗೊಂಡು ಹೋಗಿ ನೆಟ್ಕೋತಾರೆ." ಮೋನಿಕಾಗೆ ಅದೆಷ್ಟು ಇಷ್ಟವಾಯಿತೆಂದರೆ, ಪ್ರತಿ ಸಸಿಗೂ ಒಬ್ಬೊಬ್ಬ ಕೆಲಸದವರ ಹೆಸರು ಬರೆದು ಕಟ್ಟಿಸಿದಳು. ತಿಮ್ಮರಾಜು ಆ ದಿನಗಳಲ್ಲಿ ಇಷ್ಟಗಲ ಮುಖ ಮಾಡಿಕೊಂಡು ಓಡಾಡಿದ.

ವೇದಿಕೆಯ ಮಧ್ಯದ್ದನ್ನು ಮಾತ್ರ ಕೊನೆಗೆ ಇಟ್ಟುಕೊಂಡಿದ್ದ. ಹಬ್ಬದ ದಿನ ಮುಂಜಾನೆ ಬಂದು ಒಬ್ಬನೇ ಕೂತು ಕಟ್ಟಿದ. ಬೇರೆ ತರಹ ಕಟ್ಟಬೇಕು ಎಂದೇ ಶುರು ಮಾಡಿದ್ದು. ಆದರೆ ಇಷ್ಟು ವರ್ಷದ ಕೈ, ತಲೆಯ ಮಾತನ್ನು ಕೇಳುತ್ತದೆಯೇ? ಕಂದು ನಿಲ್ಲಿಸಿದ ಕೈ ತಾನಾಗಿಯೇ ಹಿಂದೆ ತಟ್ಟಿ ಕಟ್ಟಿತು. ತಟ್ಟಿ ಕಟ್ಟಿದ ಮೇಲೆ ಗೋಪುರ ಎತ್ತಿತು. ಗೋಪುರದ ಮೇಲೆ ಕುಚ್ಚು ಇಳಿಬಿಟ್ಟಿತು. ಮಧ್ಯೆ ಕುರ್ಚಿ ಇಟ್ಟು ಹಿಂದೆ ಸರಿದು ನೋಡಿದ. ಎಲ್ಲ ಇತ್ತು, ಒಳಗೆ ಕೂರುವವರೊಬ್ಬರು ಬರಬೇಕಿತ್ತು ಅಷ್ಟೇ.

ಆ ಹೊತ್ತಿಗೆ ವ್ಯಾನಿನಿಂದ ಹೆಂಗಸರು ಇಳಿದರು. ರೇಷ್ಮೆ ಸೀರೆ, ಮುಡಿಯ ತುಂಬಾ ಮಲ್ಲಿಗೆ, ರಂಗೋಲಿ ಡಬ್ಬ ಹಿಡಿದು ಕಿಲಕಿಲ ಎಂದುಕೊಂಡು ಒಳಗೆ ಬಂದವರು ಬಾಗಿಲಲ್ಲೇ ನಿಂತರು. ಒಬ್ಬಳು ಅರಿವಿಲ್ಲದೆ, ಸಾವಿನ ಮನೆಗೆ ಬಂದವಳ ಹಾಗೆ, ಮುಡಿಯ ಹೂವು ತೆಗೆಯಲು ಕೈ ಹಾಕಿದಳು. ಮಂಗಳಾ ಬಿಳಿಚಿಕೊಂಡಳು.

ರಾಮಕ್ಕ ಒಬ್ಬಳೇ ಮುಂದೆ ಬಂದಳು. ವೇದಿಕೆಯ ಕೆಳಗೆ ನಿಂತು ಆ ಗೋಪುರವನ್ನೇ ನೋಡಿದಳು. ಅದು ಅವಳಿಗೆ ಗೊತ್ತಿಲ್ಲದ್ದೇ? ಅವಳ ಗಂಡ ಇದರೊಳಗೇ ಕೂತು ಮನೆಯಿಂದ ಹೋಗಿದ್ದ.

"ಲೋ ತಿಮ್ಮರಾಜು," ಎಂದಳು ಸಣ್ಣ ದನಿಯಲ್ಲಿ, "ಯಾರನ್ನ ಕೂರಿಸ್ತೀಯಪ್ಪ ಇದ್ರಲ್ಲಿ?"

ತಿಮ್ಮರಾಜು ವೇದಿಕೆಯ ಅಂಚಿನಲ್ಲಿ ಕುಸಿದು ಕೂತ. ಮಂಗಳಾ ಹತ್ತಿರ ಬಂದು, "ಏನ್ರೀ ಇದು? ಎಲ್ಲರ ಮುಂದೆ ಕೈ ಎತ್ತಿ ಹೇಳ್ದೆನಲ್ರೀ ನಾನು, ನಮ್ಮ ಯಜಮಾನ್ರು ಮಾಡ್ತಾರೆ ಅಂತ. ಇದನ್ನ ಮಾಡ್ತಾರೆ ಅಂತ್ಲಾ ಹೇಳಿದ್ದು?" ಎಂದಳು. ಬೈಗುಳಕ್ಕಿಂತ ಅವಳ ಕಣ್ಣೀರು ಅವನಿಗೆ ಹೆಚ್ಚು ಚುಚ್ಚಿತು.

ಏನೋ ಆಗಿದೆ ಎಂದು ಮೋನಿಕಾ ಓಡಿ ಬಂದಳು. ಈಗಲಾದರೂ ಹೇಳಲೇಬೇಕಿತ್ತು, ಹೇಳಿದ. "ಆ ಫೋಟೋದಲ್ಲಿದ್ದದ್ದು ಮಂಟಪ ಅಲ್ಲ ಮೇಡಂ. ಹೆಣ ಕೂರಿಸಿ ಹೊತ್ಕೊಂಡು ಹೋಗೋ ವಿಮಾನ." ಮೋನಿಕಾ ಒಮ್ಮೆ ಕುರ್ಚಿ ನೋಡಿದಳು, ಒಮ್ಮೆ ಅವನನ್ನು ನೋಡಿದಳು.

"ಅವತ್ತೇ ಯಾಕೆ ಹೇಳ್ಲಿಲ್ಲ ಅಣ್ಣ?"

"ಹೇಳಿದ್ರೆ ಕೆಲ್ಸ ಕೊಡ್ತಿದ್ರಾ ಮೇಡಂ? ಬದುಕಿರೋರಿಗೆ ಒಂದು ಸಲ ಕಟ್ಟೋಣ ಅಂತ ಆಸೆ ಇತ್ತು. ಅಷ್ಟೇ."

ಅವಳು ಗಡಿಯಾರ ನೋಡಿದಳು. "ಸರ್ ಬರೋಕೆ ಇನ್ನು ಸ್ವಲ್ಪ ಹೊತ್ತಿದೆ. ಕಿತ್ತು ಹಾಕೋಣ. ಹಿಂದೆ ಬರೀ ಬಟ್ಟೆ ಕಟ್ಟಿಸ್ತೀನಿ," ಎಂದಳು.

ಸರಿಯಾದ ಮಾತೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ತಿಮ್ಮರಾಜು ಮಚ್ಚು ತೆಗೆದುಕೊಂಡು ಎದ್ದ. ಹಿಂದಕ್ಕೆ ಹೋಗಿ ಮೊದಲು ತಟ್ಟಿಯ ಕಟ್ಟು ಕೊಯ್ದ. ತಟ್ಟಿ ಕಳಚಿ ಕೆಳಗೆ ಬಿತ್ತು. ಅದು ಬಿದ್ದ ಕೂಡಲೇ ಅದರಾಚೆ ನಿಂತಿದ್ದ ಮಂಗಳಾಳ ಮುಖ, ಅವಳ ಹಿಂದಿನ ಹೆಂಗಸರು, ಅವರ ಹಿಂದೆ ಗೋದಾಮಿನ ಬಾಗಿಲಿನ ಬಿಸಿಲು, ಎಲ್ಲ ಗೋಪುರದ ಅಡಿಯಿಂದ ಕಾಣಿಸಿತು. ತಿಮ್ಮರಾಜುವಿನ ಕೈ ನಿಂತಿತು.

ಕುರ್ಚಿಯನ್ನು ಎತ್ತಿ ಆಚೆ ಇಟ್ಟ. ಮತ್ತೆ ನೋಡಿದ.

"ಮೇಡಂ," ಎಂದ. "ಹಿಂದೆ ಮುಚ್ಚಿದ್ರಿಂದ ಅಲ್ವಾ ಇದು ಕೂರಿಸೋದಾಗಿರೋದು? ಎರಡೂ ಕಡೆ ತೆಗೆದ್ರೆ ಬಾಗ್ಲು. ಹೊರಗೆ ಹೆಬ್ಬಾಗ್ಲಿಗೆ ನಿಲ್ಲಿಸ್ತೀನಿ. ಯಾರೂ ಇದ್ರಲ್ಲಿ ಕೂರೋದು ಬೇಡ. ಎಲ್ಲಾರೂ ನಡ್ಕೊಂಡು ಹೋಗ್ಲಿ."

ಮೋನಿಕಾ ಹೂಂ ಎನ್ನುವ ಮೊದಲೇ ಮೂಟೆ ಹೊರುವ ಗಂಡಸರು ನಾಲ್ವರು ಬಂದು ನಾಲ್ಕು ಮೂಲೆ ಹಿಡಿದರು. ಹಿಡಿದವರು ಅಭ್ಯಾಸಬಲದಿಂದ ಎತ್ತಿ ಹೆಗಲಿಗಿಟ್ಟುಕೊಂಡರು. ತಿಮ್ಮರಾಜು ಹಾರಿ ಬಿದ್ದ. "ಲೇ ಲೇ, ಹೆಗಲ ಮೇಲೆ ಬ್ಯಾಡ ಕಣ್ರಲಾ! ಇಳಿಸ್ರೋ! ಕೈಯಲ್ಲಿ ಹಿಡ್ಕಳ್ರೋ!" ಅವರು ಗಾಬರಿಯಿಂದ ಇಳಿಸಿದರು. ಅಲ್ಲಿಯವರೆಗೂ ಉಸಿರು ಬಿಗಿಹಿಡಿದು ನಿಂತಿದ್ದ ಹೆಂಗಸರಲ್ಲಿ ಒಬ್ಬಳು ಸೆರಗು ಬಾಯಿಗಿಟ್ಟುಕೊಂಡು ಕಿಸಕ್ಕೆಂದಳು. ಅವಳು ನಕ್ಕಿದ್ದೇ ತಡ, ಎಲ್ಲರೂ ನಕ್ಕರು. ಮಂಗಳಾ ಅಳುತ್ತಲೇ ನಕ್ಕಳು.

ಹೆಬ್ಬಾಗಿಲಲ್ಲಿ ನಿಲ್ಲಿಸಿ, ಮಾವಿನ ತೋರಣ ಕಟ್ಟಿ, ಎರಡೂ ಬದಿಗೆ ಎಳನೀರಿನ ಗೊನೆ ಇಳಿಬಿಟ್ಟು, ಮೇಜಿಗಿಟ್ಟು ಉಳಿದ ಮೊಳಕೆ ಕಾಯಿಗಳನ್ನು ದಾರಿಯುದ್ದಕ್ಕೂ ಜೋಡಿಸಿದ ಮೇಲೆ ಅದು ನಿಜಕ್ಕೂ ಬಾಗಿಲೇ ಆಯಿತು. ಆದರೂ ಗೊತ್ತಿರುವವರ ಕಣ್ಣಿಗೆ ಮಣ್ಣೆರಚಲು ಆಗುತ್ತದೆಯೇ? ಗೋಪುರ ಅದೇ, ಕುಚ್ಚು ಅದೇ. ಹಾಲಸ್ವಾಮಿ ಕಾರಿನಿಂದ ಇಳಿದವರು ನಾಲ್ಕು ಹೆಜ್ಜೆ ಬಂದು ನಿಂತುಬಿಟ್ಟರು. ತಲೆ ಎತ್ತಿ ನೋಡಿದರು.

"ಯಾರು ಕಟ್ಟಿದ್ದು ಇದನ್ನ?"

ಆರತಿ ತಟ್ಟೆ ಹಿಡಿದಿದ್ದ ಹೆಂಗಸರು ತಟ್ಟೆಯ ದೀಪ ನೋಡತೊಡಗಿದರು. ಮೋನಿಕಾ ಬಾಯಿ ತೆರೆಯುವಷ್ಟರಲ್ಲಿ ತಿಮ್ಮರಾಜು ಮುಂದೆ ಬಂದ. ಇನ್ನೊಮ್ಮೆ ಮುಚ್ಚಿಡುವುದು ಅವನಿಗೆ ಬೇಕಿರಲಿಲ್ಲ. "ನಾನು ಸ್ವಾಮಿ. ಹೊನ್ನವಳ್ಳಿ ತಿಮ್ಮರಾಜು."

"ಹೊನ್ನವಳ್ಳಿ ತಿಮ್ಮರಾಜುನಾ," ಎಂದರು ಹಾಲಸ್ವಾಮಿ. ಆ ಹೆಸರನ್ನು ಅವರು ಯಾವ ಸಾವಿನ ಮನೆಯ ಅಂಗಳದಲ್ಲಿ ಕೇಳಿದ್ದರೋ, ಮುಖ ಗಂಭೀರವಾಯಿತು. ಮುಂದಕ್ಕೆ ಇಡಬೇಕಿದ್ದ ಕಾಲು ಅಲ್ಲೇ ಉಳಿಯಿತು. ತಿಮ್ಮರಾಜುವಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಆರತಿಯವರ ಹಿಂದೆ, ಗೋಡೆಯ ಪಕ್ಕ ರಾಮಕ್ಕ ನಿಂತಿದ್ದಳು. ಗಂಡ ಸತ್ತ ಮೇಲೆ ಇಂಥ ಕಡೆ ಅವಳು ನಿಲ್ಲುವುದೇ ಅಲ್ಲಿ. ಯಾರೂ ಹೋಗು ಎಂದು ಹೇಳಿರುವುದಿಲ್ಲ, ಬಾ ಎಂದೂ ಹೇಳಿರುವುದಿಲ್ಲ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಆರತಿಯವರನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು.

"ಏನ್ ಸ್ವಾಮಿ, ಹೆದರಿಕೇನಾ? ಸರದಿ ಪ್ರಕಾರ ನೋಡಿದ್ರೆ ನಾನೇ ಮುಂದೆ ಹೋಗ್ಬೇಕಾದೋಳು. ಹಿಂದೆ ಬನ್ನಿ," ಎಂದವಳೇ ಗೋಪುರದ ಅಡಿಯಲ್ಲಿ ಹೊಕ್ಕು ಆ ಕಡೆ ಹೊರಬಂದಳು. ಹೊರಬಂದು ತಿರುಗಿ ನಿಂತು, "ನೋಡಿ, ಏನಾಯ್ತು ನನಗೆ?" ಎಂದಳು.

ಹಾಲಸ್ವಾಮಿ ಅವಳನ್ನು ನೋಡಿದರು, ತಿಮ್ಮರಾಜುವನ್ನು ನೋಡಿದರು, ಆಮೇಲೆ ಹೊಟ್ಟೆ ಕುಣಿಯುವ ಹಾಗೆ ನಕ್ಕುಬಿಟ್ಟರು. "ಹೋಗ್ಲಿ ಬುಡು. ಯಾವತ್ತೋ ಕೂತು ಹೋಗೋದನ್ನ ಇವತ್ತು ನಡ್ಕೊಂಡು ಹೋದ್ರೆ ನಷ್ಟ ಏನು," ಎಂದು ಒಳಗೆ ಹೆಜ್ಜೆ ಇಟ್ಟರು. ಅವರ ಹಿಂದೆ ಹೆಂಗಸರು, ಮೂಟೆಯವರು, ಡ್ರೈವರುಗಳು, ಕಂಕುಳ ಮಕ್ಕಳು. ಮಧ್ಯಾಹ್ನದ ಹೊತ್ತಿಗೆ ಅದರಡಿ ನಿಂತು ಫೋಟೋ ಹಿಡಿಸಿಕೊಳ್ಳಲು ನೂಕುನುಗ್ಗಲು. ಬೆಳಗ್ಗೆ ಮುಡಿಯ ಹೂವಿಗೆ ಕೈ ಹಾಕಿದ್ದವಳೇ ಎಲ್ಲರಿಗಿಂತ ಮುಂದೆ ನಿಂತಿದ್ದಳು. ನಮ್ಮ ಜನವೇ ಹೀಗೆ, ಯಾರಾದರೊಬ್ಬರು ಮೊದಲು ಹೋಗಬೇಕು.

ಈಚೆಗೆ ತಿಮ್ಮರಾಜುವಿಗೆ ಮೋನಿಕಾಳ ಕಡೆಯಿಂದ ಆಗಾಗ ಕೆಲಸ ಬರುತ್ತದೆ. ತುಮಕೂರಿಗೆ ಹೋಗಿದ್ದಾನೆ, ಬೆಂಗಳೂರಿಗೂ ಹೋಗಿ ಯಾವುದೋ ಆಫೀಸಿನ ಪಾರ್ಟಿಗೆ ಗರಿಯ ಗಿಣಿಗಳನ್ನು ಸೂರಿಗೆಲ್ಲಾ ತೂಗುಹಾಕಿ ಬಂದಿದ್ದಾನೆ. "ಇನ್ನು ಮೇಲೆ ಆ ಕೆಲಸ ಬಿಟ್ಟುಬಿಡಿ ಅಂತ ಜನ ಅಂತಾರಲ್ರೀ," ಎಂದು ಮಂಗಳಾ ಒಮ್ಮೆ ಕೇಳಿದಳು. "ಬಿಟ್ರೆ ಸತ್ತೋರನ್ನ ಯಾರು ಕಳಿಸ್ತಾರೆ ಕಣೇ?" ಎಂದ. ಈಗಲೂ ಊರಿನಲ್ಲಿ ಸಾವಾಯಿತೆಂದು ಫೋನು ಬಂದರೆ ಬಿಳಿ ಷರಟು ಬಿಚ್ಚಿಟ್ಟು ಮಚ್ಚು ತೆಗೆದುಕೊಂಡು ಹೊರಡುತ್ತಾನೆ.

ಆದರೆ ಹೇಳಬೇಕಾದದ್ದು ಅದಲ್ಲ. ಈ ಸಲ ಮಾಘದಲ್ಲಿ ರಾಮಕ್ಕ ಎಲೆ ಅಡಿಕೆ ತಟ್ಟೆ ಹಿಡಿದು ಅವನ ಮನೆಗೆ ಬಂದಳು. ಮೊಮ್ಮಗಳು ಧನ್ಯಶ್ರೀಗೆ ಮದುವೆ ಗೊತ್ತಾಗಿತ್ತು.

"ಚಪ್ಪರ ನೀನೇ ಹಾಕ್ಬೇಕು ಕಣಪ್ಪ. ಹಾಲುಗಂಬನೂ ನೀನೇ ನೆಡ್ಬೇಕು."

ಮದುವೆ ಚಪ್ಪರಕ್ಕೆ ಮೊದಲು ನೆಡುವ ಕಂಬ ಹಾಲುಗಂಬ. ಅದನ್ನು ಯಾರ ಕೈಗೂ ಸುಮ್ಮನೆ ಕೊಡುವುದಿಲ್ಲ. ತಿಮ್ಮರಾಜು ತಟ್ಟೆ ಮುಟ್ಟಲಿಲ್ಲ. "ಬ್ಯಾಡ ರಾಮಕ್ಕ. ಅವತ್ತು ನೀನೇ ಬಾಗ್ಲಲ್ಲಿ ನಿಲ್ಲಿಸಿದ್ದೆ. ನಾನು ಮರೆತಿಲ್ಲ."

"ನಾನೂ ಮರೆತಿಲ್ಲ," ಎಂದಳು ರಾಮಕ್ಕ. "ಅವತ್ತು ನಿನ್ನ ದೂರ ನಿಲ್ಲಿಸ್ದೆ. ಆಮೇಲೆ ನನ್ನೂ ದೂರ ನಿಲ್ಲಿಸಿದ್ರು. ಅಲ್ಲಿ ನಿಂತಾಗ್ಲೇ ಕಣಪ್ಪ ಗೊತ್ತಾಗಿದ್ದು, ಆ ಜಾಗ ಎಂಥದ್ದು ಅಂತ. ನನ್ನ ಗಂಡನ್ನ ಅಷ್ಟು ಚೆಂದಾಗಿ ಕಳಿಸಿದ ಕೈ, ನನ್ನ ಮೊಮ್ಮಗಳಿಗೆ ಕೆಟ್ಟದ್ದು ಮಾಡ್ತದಾ?"

ಚಪ್ಪರದ ದಿನ ಬೀಗರ ಕಡೆಯ ಹಿರಿಯರೊಬ್ಬರು ಗೊಣಗಿದರು. ಇನ್ನೊಬ್ಬರು ಕೆಮ್ಮಿದರು. ರಾಮಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ತಿಮ್ಮರಾಜು ಹಾಲುಗಂಬ ಎತ್ತಿ ಗುಂಡಿಗೆ ಇಳಿಸಿದ. ಮುತ್ತೈದೆಯರು ಹಾಲೆರೆದು ಅರಿಶಿನ ಹಚ್ಚಿದರು. ರಾಮಕ್ಕ ಎಂದಿನ ಹಾಗೆ ಗೋಡೆಯ ಪಕ್ಕಕ್ಕೆ ಸರಿದಿದ್ದಳು. ತಿಮ್ಮರಾಜು ಅತ್ತ ತಿರುಗಿ, "ಕಂಬ ವಾಲ್ತಾ ಇದೆ ರಾಮಕ್ಕ. ನಾನು ಮಣ್ಣು ತುಳೀಬೇಕು. ಒಂಚೂರು ಬಂದು ಹಿಡ್ಕೋ," ಎಂದ. ಕಂಬವೇನೂ ವಾಲಿರಲಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಕಾಣುತ್ತಿತ್ತು. ರಾಮಕ್ಕ ನಿಂತೇ ಇದ್ದಳು. ಮದುಮಗಳು ಧನ್ಯಶ್ರೀ ಬಂದು ಅಜ್ಜಿಯನ್ನು ಎಳೆದು ತಂದು ಅವಳ ಕೈಯನ್ನು ಕಂಬದ ಮೇಲೆ ಇಟ್ಟಳು.

ರಾಮಕ್ಕ ಎರಡೂ ಕೈಯಲ್ಲಿ ಕಂಬ ತಬ್ಬಿ ಹಿಡಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ಮಾತ್ರ ಸುಮ್ಮನಿರಲಿಲ್ಲ. "ಲೋ ತಿಮ್ಮರಾಜು, ನಾನು ಹೋದಾಗ್ಲೂ ನೀನೇ ಬಂದು ಕಟ್ಬೇಕು. ಬೇರೆ ಯಾರೂ ಬ್ಯಾಡ. ಆದ್ರೆ ಅದ್ರಲ್ಲಿ ಹಿಂದುಗಡೆ ಮುಚ್ಚು ಕಣಪ್ಪ. ಮುದುಕಿ ಬೆನ್ನಿಗೆ ಗಾಳಿ ಹೊಡೆದಾತು."

"ಆಯ್ತು ರಾಮಕ್ಕ. ಈಗ ಗಟ್ಟಿಯಾಗಿ ಹಿಡ್ಕೋ," ಎಂದು ತಿಮ್ಮರಾಜು ಗುಂಡಿಗೆ ಮಣ್ಣು ತುಂಬಿ ತುಳಿಯತೊಡಗಿದ.